ಬೇಲೂರು–ಹಳೇಬೀಡು ಒಂದೇ ದಿನದಲ್ಲಿ: ಫೋಟೋ ತೆಗೆದು ಬರುವುದಲ್ಲ, ನಿಜವಾಗಿ ನೋಡುವುದು ಹೇಗೆ?

ಪ್ರಶ್ನೆ — ಹೆಜ್ಜೆಗುರುತು

ಹಾಸನದಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸಾಗುವ ಪ್ರವಾಸ. ಒಟ್ಟು ಐದು ಜನ. ಇಬ್ಬರು ಎಪ್ಪತ್ತು ದಾಟಿದವರು, ಅವರಿಗೆ ದರ್ಶನವೇ ಮುಖ್ಯ. ಹನ್ನೆರಡು ವರ್ಷದ ಹುಡುಗಿ ಭರತನಾಟ್ಯ ಕಲಿಯುತ್ತಾಳೆ, ಚಿತ್ರವನ್ನೂ ಬಿಡಿಸುತ್ತಾಳೆ. ಉಳಿದಿಬ್ಬರಿಗೆ ಶಿಲ್ಪದಲ್ಲಿ ಆಸಕ್ತಿ ಇದೆ, ತಿಳುವಳಿಕೆ ಕಡಿಮೆ. ಕೇಳಬೇಕಾಗಿರುವುದು ಇಷ್ಟು:

ಮೊದಲು ಯಾವ ಊರು? ಗೋಡೆ ತುಂಬ ಶಿಲ್ಪ ಇರುವಾಗ ಹತ್ತು ನಿಮಿಷದಲ್ಲೇ ಎಲ್ಲವೂ ಒಂದೇ ಥರ ಕಾಣತೊಡಗುತ್ತದೆ, ಅದಕ್ಕೆ ಉಪಾಯವೇನು? ಯಾವ ಮೂರ್ತಿ ಯಾರದ್ದೆಂದು ಗೈಡ್ ಇಲ್ಲದೆ ಗುರುತಿಸಲು ಆಗುತ್ತದೆಯೇ? ಸೋಮನಾಥಪುರವನ್ನೂ ಅದೇ ದಿನ ಸೇರಿಸಬಹುದೇ? ಅಲ್ಲಿ ಪೂಜೆ ಇಲ್ಲವಂತೆ, ಹಾಗಾದರೆ ಹಿರಿಯರನ್ನು ಕರೆದುಕೊಂಡು ಹೋಗುವುದರಲ್ಲಿ ಅರ್ಥವಿದೆಯೇ?

ಉತ್ತರ 1 — ಬಳಪದಕಲ್ಲು

ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಮೂರರ ನಂತರ ಹಳೇಬೀಡು. ಇದನ್ನು ತಿರುಗುಮುರುಗು ಮಾಡಬೇಡಿ. ಕಾರಣ ಎರಡು.

ಮೊದಲನೆಯದು ದರ್ಶನ. ಬೇಲೂರಿನ ಚೆನ್ನಕೇಶವನಿಗೆ 1117ರಲ್ಲಿ ಪ್ರತಿಷ್ಠೆಯಾದಾಗಿನಿಂದ ಸೇವೆ ನಡೆಯುತ್ತಿದೆ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಆ ಹೊತ್ತಿಗೆ ತಲುಪಿದರೆ ಹಿರಿಯರು ಬಾಗಿಲು ತೆರೆಯುವವರೆಗೆ ಬಿಸಿಲಲ್ಲಿ ಕಾಯಬೇಕು. ಎಂಟೂವರೆಯ ಒಳಗೆ ಅಲ್ಲಿದ್ದರೆ ದರ್ಶನವೂ ನಿಧಾನವಾಗಿ ಆಗುತ್ತದೆ, ನೆಲದ ಕಲ್ಲೂ ಕಾದಿರುವುದಿಲ್ಲ.

ಎರಡನೆಯದು ಬೆಳಕು. ಬೇಲೂರಿನ ಮುಂಬಾಗಿಲು ಪೂರ್ವಕ್ಕಿದೆ. ಮದನಿಕೆಯರು, ಅಂದರೆ ಕುಣಿಯುವ, ಸಿಂಗರಿಸಿಕೊಳ್ಳುವ ಹೆಣ್ಣುಗಳ ಶಿಲ್ಪಗಳು, ಇರುವುದು ಸೂರಿನ ಕೆಳಗೆ, ಗೋಡೆಯಿಂದ ಮುಂದಕ್ಕೆ ಬಾಗಿದಂತೆ. ಸೂರ್ಯ ಮೇಲೇರಿದ ಮೇಲೆ ಸೂರಿನ ನೆರಳು ಅವರ ಮೇಲೆ ಬೀಳುತ್ತದೆ. ಬೆಳಗಿನ ಓರೆ ಬಿಸಿಲು ಮಾತ್ರ ಸೂರಿನಡಿಗೆ ನುಗ್ಗಿ ಮುಖ, ಬಳೆ, ಬಳ್ಳಿಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಹಳೇಬೀಡಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಹೊಯ್ಸಳೇಶ್ವರ ಗುಡಿಯ ಎರಡೂ ಗರ್ಭಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ, ಆದರೆ ದೊಡ್ಡ ಮೂರ್ತಿಗಳ ಸಾಲು ಇರುವುದು ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯಲ್ಲಿ. ಬೆಳಿಗ್ಗೆ ಹೋದರೆ ಆ ಗೋಡೆ ಇಡೀ ಮಂಕು. ಮೂರೂವರೆಯಿಂದ ಐದೂವರೆಯವರೆಗೆ ಅಲ್ಲಿ ನಿಲ್ಲಿ. ಗೋಡೆ ಸಪಾಟಾಗಿಲ್ಲ, ನಕ್ಷತ್ರದ ಮೂಲೆಗಳಂತೆ ಮಡಿಕೆ ಮಡಿಕೆಯಾಗಿದೆ. ಆದ್ದರಿಂದ ಬಿಸಿಲು ಒಂದು ಮಡಿಕೆಯಿಂದ ಇನ್ನೊಂದಕ್ಕೆ ಸರಿಯುತ್ತ ಹೋಗುತ್ತದೆ. ಅರ್ಧ ಗಂಟೆಯ ಹಿಂದೆ ಚಪ್ಪಟೆಯಾಗಿ ಕಂಡ ಮೂರ್ತಿ ಎದ್ದು ಬಂದಂತೆ ಕಾಣುತ್ತದೆ.

ಎರಡು ಊರುಗಳ ನಡುವೆ ಸುಮಾರು 16 ಕಿ.ಮೀ. ಹಾಸನದಿಂದ ಬೇಲೂರಿಗೆ ನಲವತ್ತರ ಹತ್ತಿರ, ಹಳೇಬೀಡಿನಿಂದ ಹಾಸನಕ್ಕೆ ಮೂವತ್ತರ ಆಸುಪಾಸು. ಹಾಗಾಗಿ ತ್ರಿಕೋನದಂತೆ ಸುತ್ತಿ ಬರಬಹುದು, ಬಂದ ದಾರಿಯಲ್ಲೇ ಮರಳಬೇಕಿಲ್ಲ. ಸರ್ಕಾರಿ ಬಸ್ಸುಗಳೂ ಇವೆ, ಆದರೆ ಹಿರಿಯರಿದ್ದಾಗ ಸಂಜೆ ಹಳೇಬೀಡಿನಲ್ಲಿ ಬಸ್ಸಿಗಾಗಿ ಕಾಯುವುದು ಕಷ್ಟ.

ದಪ್ಪ ಹತ್ತಿಯ ಕಾಲುಚೀಲ ಐದು ಜೊತೆ ಇಟ್ಟುಕೊಳ್ಳಿ. ಚಪ್ಪಲಿ ಬಿಟ್ಟು ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಲ್ಲಿನ ಕಟ್ಟೆ, ಹತ್ತಬೇಕು. ಹನ್ನೊಂದರ ನಂತರ ಬರಿಗಾಲಲ್ಲಿ ಸುತ್ತುವುದು ಹಿರಿಯರಿಗೆ ಅಸಾಧ್ಯ, ಬಹಳ ಜನ ಪ್ರದಕ್ಷಿಣೆಯನ್ನು ಅರ್ಧಕ್ಕೇ ಬಿಡುವುದು ಇದೇ ಕಾರಣಕ್ಕೆ. ಮಳೆಗಾಲವಾದರೆ ಮಾತ್ರ ಕಾಲುಚೀಲ ಬೇಡ, ಒದ್ದೆ ಕಲ್ಲಿನ ಮೇಲೆ ಅದು ಜಾರುತ್ತದೆ. ಚೈತ್ರದಲ್ಲಿ ಬೇಲೂರಿನ ರಥೋತ್ಸವ ಇರುತ್ತದೆ. ಉತ್ಸವವನ್ನೇ ನೋಡಬೇಕೆಂದರೆ ಆಗ ಹೋಗಿ, ಶಿಲ್ಪ ನೋಡಬೇಕೆಂದರೆ ಆ ದಿನಗಳು ಬೇಡ.

ಉತ್ತರ 2 — ನವರಂಗ

ಮೇಲಿನ ಉತ್ತರದಲ್ಲಿ ಹೇಳಿದ ಕ್ರಮವೇ ಸರಿ. ‘ಎಲ್ಲ ಒಂದೇ ಥರ ಕಾಣುತ್ತದೆ’ ಎಂಬುದರ ಬಗ್ಗೆ ಹೇಳುತ್ತೇನೆ.

ಹೀಗಾಗುವುದಕ್ಕೆ ಮುಖ್ಯ ಕಾರಣ, ಜನ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಇದು ಹಾಗೆ ನೋಡಲು ಕಟ್ಟಿದ ಗೋಡೆಯಲ್ಲ. ಗುಡಿಯ ಸುತ್ತ ಜಗತಿಯನ್ನು ಹಬ್ಬಿಸಿರುವುದೇ ನಡೆಯುತ್ತ ನೋಡಲಿ ಎಂದು. ಒಳಗೆ ಗರ್ಭಗುಡಿಯ ಸುತ್ತ ದಾರಿ ಇಲ್ಲ, ಪ್ರದಕ್ಷಿಣೆ ಹೊರಗೇ ಆಗಬೇಕು. ಗುಡಿ ನಿಮ್ಮ ಬಲಕ್ಕಿರಲಿ. ಪೂರ್ವದ ಬಾಗಿಲಿನಿಂದ ದಕ್ಷಿಣಕ್ಕೆ, ಅಲ್ಲಿಂದ ಪಶ್ಚಿಮಕ್ಕೆ, ಉತ್ತರಕ್ಕೆ. ಕಣ್ಣು ಒಂದೇ ಪಟ್ಟಿಕೆಯ (ಗೋಡೆಯುದ್ದಕ್ಕೂ ಅಡ್ಡಲಾಗಿ ಸಾಗುವ ಕೆತ್ತನೆಯ ಸಾಲಿನ) ಮೇಲಿರಲಿ. ಒಂದು ಸುತ್ತಿಗೆ ಒಂದು ಪಟ್ಟಿಕೆ ಅಂತ ಗೊತ್ತುಮಾಡಿಕೊಂಡರೆ ಗೊಂದಲ ತಾನಾಗಿ ಹೋಗುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಕೆಳಗಿನಿಂದ ಮೇಲಕ್ಕೆ ಎಂಟು ಪಟ್ಟಿಕೆಗಳು: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಅವುಗಳ ಮೇಲೆ ದೊಡ್ಡ ಮೂರ್ತಿಗಳು. ಮೊದಲ ಸುತ್ತು ಆನೆಗಳಿಗೆ ಮೀಸಲಿಡಿ. ಹುಡುಗಿಗೆ ಸೊಂಡಿಲುಗಳನ್ನು ಮಾತ್ರ ಗಮನಿಸಲು ಹೇಳಿ. ಒಂದು ಮುಂದಿನ ಆನೆಯ ಬಾಲ ಹಿಡಿದಿರುತ್ತದೆ, ಒಂದು ಏನನ್ನೋ ಸುತ್ತಿ ಎತ್ತಿರುತ್ತದೆ, ಇನ್ನೊಂದು ಮಡಿಚಿ ಬಾಯಿಗೆ ಇಟ್ಟಿರುತ್ತದೆ. ಇಪ್ಪತ್ತು ಆನೆ ನೋಡುವಷ್ಟರಲ್ಲಿ, ಒಂದೊಂದು ಹೆಜ್ಜೆಯ ಅಂತರದಲ್ಲಿ ಕೆತ್ತಿದ ಕೈ ಬದಲಾಗಿರುವುದೂ ಕಾಣತೊಡಗುತ್ತದೆ. ಒಬ್ಬ ಶಿಲ್ಪಿಯ ಆನೆಗೆ ಮೈ ಭಾರ ಹೆಚ್ಚು, ಇನ್ನೊಬ್ಬನದಕ್ಕೆ ನಡಿಗೆ ಚುರುಕು.

ಎರಡನೆಯ ಸುತ್ತು ಪುರಾಣದ ಪಟ್ಟಿಕೆಗೆ. ಅದು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಅಭಿಮನ್ಯುವಿನ ಚಕ್ರವ್ಯೂಹವನ್ನು ತಪ್ಪದೆ ಹುಡುಕಿ. ಸುರುಳಿಯಂಥ ಸುತ್ತುಗಳ ನಡುವೆ ಸೇನೆ ಇಡಲಾಗಿದೆ. ಹಿರಿಯರು ಇದನ್ನು ನೋಡಿದ ಕೂಡಲೇ ಕಥೆ ಹೇಳಲು ಶುರುಮಾಡುತ್ತಾರೆ, ತಡೆಯಬೇಡಿ. ಗೈಡ್ ಹೇಳುವುದಕ್ಕಿಂತ ಅದು ಮಗುವಿನ ಮನಸ್ಸಲ್ಲಿ ನಿಲ್ಲುತ್ತದೆ. ದೊಡ್ಡ ಮೂರ್ತಿಗಳಲ್ಲಿ ರಾವಣ ಕೈಲಾಸ ಎತ್ತುವುದು, ಕೃಷ್ಣನ ಗೋವರ್ಧನ, ಗಜಾಸುರಸಂಹಾರ, ಕುಣಿಯುವ ಗಣಪತಿ ಈ ನಾಲ್ಕರ ಮುಂದೆ ತಲಾ ಐದು ನಿಮಿಷ ನಿಂತರೆ ಸಾಕು. ಇನ್ನೂರಕ್ಕೂ ಹೆಚ್ಚು ದೊಡ್ಡ ಮೂರ್ತಿಗಳಿವೆ, ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟವರಿಗೆ ಕೊನೆಗೆ ಒಂದೂ ನೆನಪಿರುವುದಿಲ್ಲ.

ಗಜಾಸುರಸಂಹಾರದ ಮುಂದೆ ನಿಂತಾಗ ಹೀಗೆ ನೋಡಿ. ಶಿವನ ಕಾಲ ಕೆಳಗೆ ಆನೆಯ ತಲೆ, ಸುತ್ತ ಎತ್ತಿ ಹಿಡಿದ ಚರ್ಮ. ಆ ಚರ್ಮವೇ ಪ್ರಭಾವಳಿಯಂತೆ ಮೂರ್ತಿಗೆ ಚೌಕಟ್ಟಾಗುತ್ತದೆ. ಸ್ವಲ್ಪ ಎಡಕ್ಕೆ ಸರಿದು ಓರೆಯಿಂದ ನೋಡಿದರೆ ಶಿಲ್ಪಿ ಎಷ್ಟು ಆಳಕ್ಕೆ ಕೊರೆದಿದ್ದಾನೆ ಎಂಬುದು ತಿಳಿಯುತ್ತದೆ. ಆಭರಣದ ಸರ ಎದೆಗೆ ಅಂಟಿಲ್ಲ, ಹಿಂದೆ ಗಾಳಿಯಾಡುವಷ್ಟು ಸಂದಿ ಇದೆ. ಗಟ್ಟಿ ಕಣಶಿಲೆಯಲ್ಲಿ ಇದು ಸಾಧ್ಯವಿರಲಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ಮರ, ದಂತದ ಕೆಲಸದಷ್ಟು ಸೂಕ್ಷ್ಮ ಇಲ್ಲಿ ಕಲ್ಲಿಗೆ ಬಂದಿದೆ.

ದಯವಿಟ್ಟು ಮುಟ್ಟಬೇಡಿ. ಕೈಯ ಎಣ್ಣೆಯಂಶಕ್ಕೆ ಈ ಕಲ್ಲು ಕಪ್ಪಾಗಿ ಜಿಡ್ಡುಗಟ್ಟುತ್ತದೆ, ಉಜ್ಜಿದಲ್ಲಿ ಕೆತ್ತನೆಯ ಅಂಚು ಸವೆಯುತ್ತದೆ. ಬಾಗಿಲ ಬಳಿಯ ಮೂರ್ತಿಗಳ ಹೊಟ್ಟೆ, ಮೊಣಕಾಲು ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಉತ್ತರ 3 — ಶಂಖಚಕ್ರ

ಮೂರ್ತಿ ಗುರುತಿಸುವ ವಿಷಯ. ವಿಷ್ಣುವಿನ ನಿಂತ ಮೂರ್ತಿಗಳೇ ಹೆಚ್ಚು ಸಿಗುವುದರಿಂದ ಒಂದು ಲೆಕ್ಕ ಕಲಿತರೆ ಅರ್ಧ ಕೆಲಸ ಮುಗಿದಂತೆ.

ನಾಲ್ಕು ಕೈ, ನಾಲ್ಕು ಆಯುಧ: ಶಂಖ, ಚಕ್ರ, ಗದೆ, ಪದ್ಮ. ನಾಲ್ಕನ್ನು ನಾಲ್ಕು ಕೈಯಲ್ಲಿ ಎಷ್ಟು ರೀತಿ ಇಡಬಹುದು? 4×3×2×1, ಅಂದರೆ 24. ಸಂಧ್ಯಾವಂದನೆಯಲ್ಲಿ ಕೇಶವಾಯ ನಮಃ ಎಂದು ಶುರುವಾಗುವ 24 ನಾಮಗಳಿಗೆ ಆ 24 ಜೋಡಣೆಗಳು. ಆಚಮನದ ನಾಮಗಳನ್ನು ದಿನವೂ ಹೇಳುವ ಹಿರಿಯರಿಗೆ ಇದನ್ನು ಗೋಡೆಯ ಮೇಲೆ ತೋರಿಸಿದರೆ ಆಗುವ ಸಂತೋಷ ದೊಡ್ಡದು. ನಾಲಿಗೆಯ ಮೇಲಿದ್ದದ್ದು ಕಣ್ಣೆದುರಿಗೆ ಬರುತ್ತದೆ.

ಓದುವ ಕ್ರಮ: ದೇವರ ಬಲಗೈಗಳಲ್ಲಿ ಕೆಳಗಿನದರಿಂದ ಶುರು. ಕೆಳಗಿನ ಬಲ, ಮೇಲಿನ ಬಲ, ಮೇಲಿನ ಎಡ, ಕೆಳಗಿನ ಎಡ. ಈ ಕ್ರಮದಲ್ಲಿ,

ಕೇಶವ: ಪದ್ಮ, ಶಂಖ, ಚಕ್ರ, ಗದೆ.
ನಾರಾಯಣ: ಶಂಖ, ಪದ್ಮ, ಗದೆ, ಚಕ್ರ.
ಮಾಧವ: ಗದೆ, ಚಕ್ರ, ಶಂಖ, ಪದ್ಮ.
ಗೋವಿಂದ: ಚಕ್ರ, ಗದೆ, ಪದ್ಮ, ಶಂಖ.

ಎಲ್ಲರೂ ಮಾಡುವ ತಪ್ಪು ಒಂದೇ: ನಮ್ಮ ಬಲವನ್ನು ದೇವರ ಬಲ ಎಂದುಕೊಳ್ಳುವುದು. ಎದುರಿಗೆ ನಿಂತವರಿಗೆ ದೇವರ ಬಲಗೈ ಎಡಗಡೆ ಕಾಣುತ್ತದೆ. ಇನ್ನೊಂದು ತೊಂದರೆ, ಕೈ ಮುರಿದಿರುವುದು. ಮೂರು ಆಯುಧ ಕಂಡರೆ ನಾಲ್ಕನೆಯದು ತಾನಾಗಿ ಗೊತ್ತಾಗುತ್ತದೆ. ಎರಡೇ ಉಳಿದಿದ್ದರೆ ಎರಡು ಹೆಸರುಗಳವರೆಗೆ ಬಂದು ನಿಲ್ಲಬೇಕಾಗುತ್ತದೆ, ಆಗ ಊಹೆ ಮಾಡಬೇಡಿ. ಗ್ರಂಥದಿಂದ ಗ್ರಂಥಕ್ಕೆ ಕೆಲವು ನಾಮಗಳ ಜೋಡಣೆ ಬದಲಾಗುತ್ತದೆ, ಅದಕ್ಕೇ ಮೇಲೆ ಮೊದಲ ನಾಲ್ಕನ್ನು ಮಾತ್ರ ಕೊಟ್ಟಿದ್ದೇನೆ. ಬೇಲೂರಿನಲ್ಲಿ ಅಲಂಕಾರ ತುಂಬಿದಾಗ ಮೂಲಮೂರ್ತಿಯ ಕೆಳಗಿನ ಕೈಗಳು ಕಾಣದೇ ಇರಬಹುದು. ಮೇಲಿನ ಕೈಗಳಲ್ಲಿ ನಮ್ಮ ಎಡಕ್ಕೆ ಶಂಖ, ಬಲಕ್ಕೆ ಚಕ್ರ. ಗುಡಿಯ ದೇವರ ಹೆಸರೇ ಚೆನ್ನಕೇಶವ ಆದ್ದರಿಂದ ಇಲ್ಲಿ ಊಹೆ ಬೇಕಿಲ್ಲ, ಕೇಶವನೇ.

ಉಳಿದವರಿಗೆ ಸುಲಭ ಗುರುತುಗಳು: ಕೈಯಲ್ಲಿ ಡಮರು, ತ್ರಿಶೂಲ ಇದ್ದರೆ ಶಿವ ಅಥವಾ ಭೈರವ, ಮೈಮೇಲೆ ಬಟ್ಟೆ ಇಲ್ಲದೆ ಪಾದುಕೆ ತೊಟ್ಟು ನಾಯಿಯೊಂದಿಗೆ ಇದ್ದರೆ ಭೈರವನೇ. ಮೂರು ಮುಖ ಕಂಡರೆ ಬ್ರಹ್ಮ. ಎರಡೂ ಕೈಯಲ್ಲಿ ಅರಳಿದ ತಾವರೆ ಹಿಡಿದು ನೆಟ್ಟಗೆ ನಿಂತವನು ಸೂರ್ಯ. ಹಳೇಬೀಡಿನಲ್ಲಿ ದಕ್ಷಿಣದ ನಂದಿಮಂಟಪದ ಹಿಂದೆ ಸೂರ್ಯನಿಗೇ ಒಂದು ಗುಡಿ ಇದೆ, ಬಹಳ ಜನ ನಂದಿಯ ಮುಂದೆ ಫೋಟೋ ತೆಗೆದು ಅಲ್ಲಿಂದಲೇ ತಿರುಗಿಬಿಡುತ್ತಾರೆ.

ಹೆಜ್ಜೆಗುರುತು

ತುಂಬ ಉಪಯೋಗವಾಯಿತು. ಬೇಲೂರಿನ ಒಳಗೆ ವಿಪರೀತ ಕತ್ತಲೆ ಎಂದು ಕೇಳಿದ್ದೇನೆ. ಟಾರ್ಚ್ ಒಯ್ಯಬಹುದೇ? ಮದನಿಕೆಯರ ಚಿತ್ರ ಬಿಡಿಸುವುದಕ್ಕೆ ಹುಡುಗಿ ಎಲ್ಲಿ ಕೂರಬೇಕು? ಜಕಣಾಚಾರಿಯ ಕೆಲಸ ಯಾವುದು ಎಂದೂ ಅವಳು ಕೇಳುತ್ತಿದ್ದಾಳೆ.

ಉತ್ತರ 4 — ತ್ರಿಭಂಗಿ

ಕತ್ತಲೆಗೆ ಕಾರಣ ಇದೆ. ಬೇಲೂರಿನ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಸಭಾಂಗಣ, ಮೊದಲು ತೆರೆದ ಮಂಟಪವಾಗಿತ್ತು. ಕಂಬಗಳ ನಡುವೆ ಜಾಲಂಧ್ರಗಳನ್ನು ಕೂರಿಸಿ ಮುಚ್ಚಿದ್ದು ಆಮೇಲೆ. ಹೊರಗೆ ನಿಂತು ನೋಡಿದಾಗ ಚೆಂದ ಕಾಣುವ ಆ ಕಲ್ಲಿನ ಜಾಲರಿಯೇ ಒಳಗಿನ ಬೆಳಕನ್ನು ತಡೆಯುತ್ತದೆ. ಒಳಗೆ ಹೋದ ಕೂಡಲೇ ಏನನ್ನೂ ನೋಡಲು ಹೋಗಬೇಡಿ. ಒಂದು ಕಡೆ ಐದು ನಿಮಿಷ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಚಿಕ್ಕ ಟಾರ್ಚ್ ಇಟ್ಟುಕೊಳ್ಳಿ, ಆದರೆ ಗರ್ಭಗುಡಿಯ ಕಡೆಗೆ ಹಿಡಿಯಬೇಡಿ, ಅಲ್ಲಿ ಫೋಟೋ ಕೂಡ ಇಲ್ಲ. ಕೆತ್ತನೆಗೆ ನೇರವಾಗಿ ಬೆಳಕು ಬಿಟ್ಟರೆ ನೆರಳು ಅಳಿಸಿಹೋಗಿ ಎಲ್ಲ ಚಪ್ಪಟೆಯಾಗುತ್ತದೆ. ಟಾರ್ಚನ್ನು ಪಕ್ಕದಿಂದ, ಕಂಬಕ್ಕೆ ಒರಗಿಸಿದಂತೆ ಓರೆಯಾಗಿ ಹಿಡಿಯಿರಿ. ಆಗ ಕಂಬದ ಮೇಲಿನ ತೆಳು ಬಳೆಗಳಂಥ ಗೆರೆಗಳು ಎದ್ದು ಕಾಣುತ್ತವೆ. ಅವು ಕಲ್ಲನ್ನು ಚರಕಿಗೆ ಹಾಕಿ ತಿರುಗಿಸುತ್ತ ಉಳಿ ಹಿಡಿದು ತೆಗೆದವು. ಒಳಗಿನ 48 ಕಂಬಗಳಲ್ಲಿ ನಡುವಿನ ನಾಲ್ಕು ಹಾಗಲ್ಲ, ಕೈಯಿಂದಲೇ ಕೆತ್ತಿದವು. ಆ ನಾಲ್ಕರ ಮೇಲೆಯೇ ಒಳಗಿನ ನಾಲ್ಕು ಮದನಿಕೆಯರು. ಹೊರಗೆ 38, ಒಟ್ಟು 42. ನರಸಿಂಹ ಕಂಬವನ್ನು ಹತ್ತಿರದಿಂದ ನೋಡಿ, ಮೇಲಿನಿಂದ ಕೆಳಗಿನವರೆಗೆ ಬೆರಳುಗಾತ್ರದ ಮೂರ್ತಿಗಳು.

ಚಾವಣಿಯ ಭುವನೇಶ್ವರಿ (ಕೆತ್ತನೆ ತುಂಬಿದ ನಡುವಿನ ಗುಮ್ಮಟದಂಥ ಭಾಗ) ನೋಡಲು ಕತ್ತೆತ್ತಿ ನಿಂತರೆ ಹಿರಿಯರಿಗೆ ತಲೆಸುತ್ತು ಬರುತ್ತದೆ. ಅಂಗೈಯಗಲದ ಕನ್ನಡಿಯನ್ನು ಹೊಟ್ಟೆಯ ಮಟ್ಟದಲ್ಲಿ ಮೇಲ್ಮುಖವಾಗಿ ಹಿಡಿದು ಕೂತು ನೋಡಲಿ. ಮೊಬೈಲಿನ ಮುಂದಿನ ಕ್ಯಾಮೆರಾವೂ ಆಗುತ್ತದೆ, ಆದರೆ ಕನ್ನಡಿಯಲ್ಲಿ ಆಳ ಚೆನ್ನಾಗಿ ತಿಳಿಯುತ್ತದೆ.

ಚಿತ್ರಕ್ಕೆ ಬರೋಣ. ಮದನಿಕೆಯ ನೇರ ಕೆಳಗೆ ಕೂತು ಬಿಡಿಸಬಾರದು. ಕೆಳಗಿನಿಂದ ನೋಡಿದರೆ ಕಾಲು ದೊಡ್ಡದು, ತಲೆ ಚಿಕ್ಕದು ಕಾಣುತ್ತದೆ, ಅಳತೆ ಕೆಡುತ್ತದೆ. ಜಗತಿಯಿಂದ ಇಳಿದು ಅಂಗಳದಲ್ಲಿ ಹಿಂದೆ ಸರಿದು ಕೂರಲಿ, 8 ಪಟ್ಟಿನ ದುರ್ಬೀನು ಇದ್ದರೆ ಬಳೆಗಳನ್ನೂ ಎಣಿಸಬಹುದು. ಪೆನ್ಸಿಲ್ 2ಬಿ, 4ಬಿ ಸಾಕು. ಬಿಳಿ ಹಾಳೆಯ ಬದಲು ಬೂದುಬಣ್ಣದ ಹಾಳೆ, ಜೊತೆಗೆ ಒಂದು ಬಿಳಿ ಪೆನ್ಸಿಲ್ ಒಯ್ದರೆ ಕಲ್ಲಿನ ಬಣ್ಣವನ್ನು ಹಾಳೆಯೇ ಕೊಡುತ್ತದೆ, ಬೆಳಕು ಬಿದ್ದಲ್ಲಿ ಮಾತ್ರ ಬಿಳಿ ಹಚ್ಚಿದರಾಯಿತು.

ಮೊದಲು ಕುತ್ತಿಗೆಯ ಗುಳಿಯಿಂದ ನೆಟ್ಟಗೆ ಒಂದು ಗೆರೆ ಕೆಳಗೆ. ಭಾರ ಹೊತ್ತ ಕಾಲಿನ ಹಿಮ್ಮಡಿಯ ಹತ್ತಿರ ಅದು ಬಂದು ಮುಟ್ಟಬೇಕು. ಮುಟ್ಟದಿದ್ದರೆ ಚಿತ್ರದ ಹೆಣ್ಣು ಬೀಳುವಂತೆ ಕಾಣುತ್ತಾಳೆ. ಆಮೇಲೆ ಮೂರು ಅಡ್ಡಗೆರೆ: ಭುಜ, ಸೊಂಟ, ಮೊಣಕಾಲು. ತ್ರಿಭಂಗಿಯಲ್ಲಿ ಭುಜ ಒಂದು ಕಡೆ ವಾಲಿದರೆ ಸೊಂಟ ಇನ್ನೊಂದು ಕಡೆ ವಾಲುತ್ತದೆ. ನೃತ್ಯ ಕಲಿಯುವವಳಿಗೆ ಇದು ಮೈಯಲ್ಲೇ ಗೊತ್ತಿರುತ್ತದೆ. ಅದೇ ಭಂಗಿಯಲ್ಲಿ ಒಮ್ಮೆ ನಿಂತು, ಯಾವ ಕಾಲಿನ ಮೇಲೆ ಭಾರ ಬಿತ್ತು ಎಂದು ನೋಡಿಕೊಂಡು ಬಿಡಿಸಲಿ. ಒಡವೆ ಕೊನೆಗೆ. ಒಡವೆಯಿಂದ ಶುರುಮಾಡಿದರೆ ಒಂದು ಗಂಟೆಯ ನಂತರ ಸರ ಚೆನ್ನಾಗಿ ಬಂದಿರುತ್ತದೆ, ದೇಹ ಅಲ್ಲಿ ಇರುವುದಿಲ್ಲ. ದರ್ಪಣ ಹಿಡಿದವಳು ಎಲ್ಲರಿಗೂ ಗೊತ್ತು. ಚಿತ್ರಕ್ಕೆ ಮದ್ದಳೆ ಬಾರಿಸುವವಳು ಅಥವಾ ಗಿಣಿಯೊಡನೆ ಮಾತಾಡುವವಳು ಒಳ್ಳೆಯದು, ಕೈಗಳಿಗೆ ಕೆಲಸವಿರುವುದರಿಂದ ಭಂಗಿ ಹಿಡಿಯಲು ಸುಲಭ. ಟ್ರೈಪಾಡ್‌ಗೆ ಮುಂಚಿತ ಅನುಮತಿ ಬೇಕು, ಪುಸ್ತಕ ಪೆನ್ಸಿಲ್‌ಗೆ ಬೇಡ.

ಜಕಣಾಚಾರಿ ಜನರ ನಾಲಿಗೆಯ ಮೇಲೆ ಉಳಿದ ಹೆಸರು. ಕಪ್ಪೆ ಚೆನ್ನಿಗರಾಯನ ಕಥೆ ಹುಡುಗಿಗೆ ಅವಶ್ಯ ಹೇಳಿ, ಶಾಂತಲೆ ಕಟ್ಟಿಸಿದ ಆ ಗುಡಿ ಅದೇ ಅಂಗಳದಲ್ಲಿದೆ. ಆದರೆ ಕಲ್ಲಿನ ಮೇಲೆ ನಿಜವಾಗಿ ಕೆತ್ತಿರುವ ಹೆಸರುಗಳೂ ಇವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಮದನಿಕೆಯರ ಪೀಠದಲ್ಲಿ ಹಳೆಗನ್ನಡ ಅಕ್ಷರಗಳನ್ನು ಹುಡುಕಿ. ಒಂಬೈನೂರು ವರ್ಷದ ಹಿಂದಿನ ಕೆಲಸಗಾರನ ರುಜು ಅದು. ಎಷ್ಟೋ ದೊಡ್ಡ ಗುಡಿಗಳಲ್ಲಿ ಕಟ್ಟಿಸಿದ ದೊರೆಯ ಹೆಸರು ಮಾತ್ರ ಸಿಗುತ್ತದೆ, ಇಲ್ಲಿ ಉಳಿ ಹಿಡಿದವನದ್ದೂ ಸಿಗುತ್ತದೆ.

ಉತ್ತರ 5 — ಬಳಪದಕಲ್ಲು

ಸೋಮನಾಥಪುರ ಅದೇ ದಿನ ಬೇಡವೇ ಬೇಡ. ಅದು ಮೈಸೂರಿನ ಕಡೆ, ಬನ್ನೂರು ದಾರಿಯಲ್ಲಿ, ಮೈಸೂರಿನಿಂದ ಸುಮಾರು 35 ಕಿ.ಮೀ. ಹಾಸನದಿಂದ ಮೈಸೂರಿಗೇ ಮೂರು ಗಂಟೆ ಹಿಡಿಯುತ್ತದೆ. 2023ರಲ್ಲಿ ಮೂರೂ ಗುಡಿಗಳು ಒಟ್ಟಿಗೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಮೂರನ್ನೂ ಒಂದೇ ದಿನಕ್ಕೆ ತುರುಕುವ ಪ್ಯಾಕೇಜುಗಳು ಬಂದಿವೆ, ಆ ದಿನದ ಬಹುಪಾಲು ವ್ಯಾನಿನಲ್ಲೇ ಕಳೆಯುತ್ತದೆ.

ಹಿರಿಯರಿಗೆ ಶಕ್ತಿ ಇದ್ದರೆ ಹಾಸನ–ಬೇಲೂರು ರಸ್ತೆಯಿಂದ ಸ್ವಲ್ಪ ಒಳಗಿರುವ ದೊಡ್ಡಗದ್ದವಳ್ಳಿಗೆ ಹೋಗಿ. ಬೇಲೂರಿಗಿಂತ ಕೆಲವು ವರ್ಷ ಹಳೆಯದು, ವ್ಯಾಪಾರಿಯೊಬ್ಬ ಹೆಂಡತಿಯೊಡನೆ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ, ಒಂದೇ ಕಟ್ಟಡದಲ್ಲಿ ನಾಲ್ಕು ಗರ್ಭಗುಡಿ. ಬೇಲೂರಿನ ಶಿಖರವನ್ನು ಇಳಿಸಲಾಗಿದೆ, ಹಳೇಬೀಡಿನದೂ ಉಳಿದಿಲ್ಲ. ದೊಡ್ಡಗದ್ದವಳ್ಳಿಯಲ್ಲಿ ಕಲ್ಲಿನ ಶಿಖರಗಳು ಇನ್ನೂ ನಿಂತಿವೆ.

ಉತ್ತರ 6 — ನವರಂಗ

ಕೊನೆಯ ಪ್ರಶ್ನೆಗೆ ಯಾರೂ ಕೈಹಾಕಿಲ್ಲ, ಅದೇ ಮುಖ್ಯ ಪ್ರಶ್ನೆ.

ಸೋಮನಾಥಪುರದಲ್ಲಿ ಪೂಜೆ ಇಲ್ಲ. 1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಗುಡಿಯ ಮೂಲ ಕೇಶವನೇ ಈಗ ಅಲ್ಲಿಲ್ಲ, ಉಳಿದ ಮೂರ್ತಿಗಳು ಭಿನ್ನವಾಗಿವೆ. ಭಿನ್ನಮೂರ್ತಿಗೆ ಪೂಜೆ ಸಲ್ಲದು ಎಂಬುದು ಶಾಸ್ತ್ರ. ಹಾಗೆಂದು ಹಿರಿಯರನ್ನು ಬಿಟ್ಟು ಹೋಗಬೇಡಿ. ಇನ್ನೊಂದು ದಿನ ಅವರನ್ನೇ ಮುಂದೆ ಮಾಡಿಕೊಂಡು ಹೋಗಿ. ಆರತಿ, ತೀರ್ಥ ಸಿಗುವುದಿಲ್ಲ ಎಂದು ಮೊದಲೇ ಹೇಳಿಟ್ಟರೆ ನಿರಾಸೆ ಆಗುವುದಿಲ್ಲ. ಪ್ರದಕ್ಷಿಣೆಗೆ ಅಲ್ಲಿ ಅಡ್ಡಿಯಿಲ್ಲ. ಆ ಸುತ್ತೇ ಪಾರಾಯಣ: ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂಬದಿಯಲ್ಲಿ ಕೃಷ್ಣನ ಲೀಲೆ, ಉತ್ತರದಲ್ಲಿ ಮಹಾಭಾರತ. ಒಳಗೆ ದಕ್ಷಿಣದ ಗರ್ಭಗುಡಿಯ ವೇಣುಗೋಪಾಲನ ಮುಂದೆ ಸ್ವಲ್ಪ ಹೊತ್ತು ಕೂತು ಪೀಠದ ಹತ್ತಿರದ ಹಸುಗಳನ್ನು ನೋಡಲಿ. ಮೇವು ಮರೆತು ಕತ್ತೆತ್ತಿವೆ. ಕೊಳಲಿನ ನಾದವನ್ನು ಶಿಲ್ಪಿ ತೋರಿಸಿರುವುದು ಆ ಹಸುಗಳಲ್ಲಿ. ಇಲ್ಲಿಯೂ ರುಜು ಇದೆ, ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ.

ಹಾಡುವವರಿದ್ದರೆ ಒಂದು ದೇವರನಾಮ ಮೆಲುದನಿಯಲ್ಲಿ ಹೇಳಿಕೊಳ್ಳಲಿ, ಬೇರೆಯವರಿಗೆ ತೊಂದರೆಯಾಗದಷ್ಟು. ಕಲ್ಲಿನ ಗೋಡೆಯ ನಡುವೆ ದನಿ ಮರಳುವುದರಿಂದ ವಿಳಂಬ ಕಾಲದ ಹಾಡು ಚೆನ್ನಾಗಿ ಕೇಳುತ್ತದೆ, ವೇಗದ ಹಾಡಿನಲ್ಲಿ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ.

ಹಳೇಬೀಡಿನ ಬಗ್ಗೆ ಇನ್ನೊಂದು ಮಾತು. ಮ್ಯೂಸಿಯಂಗೆ ಶುಕ್ರವಾರ ರಜೆ, ಬೇರೆ ದಿನ ಹೋದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಪಶ್ಚಿಮದ ಗೋಡೆ. ಸಾಧ್ಯವಾದರೆ ಇದೆಲ್ಲಕ್ಕೂ ಮುಂಚೆ, ಊಟವಾದ ಮೇಲಿನ ಬಿಸಿಲಿನ ಹೊತ್ತನ್ನು ಬಸದಿಹಳ್ಳಿಯ ಮೂರು ಬಸದಿಗಳಿಗೆ ಕೊಡಿ. ಹತ್ತಿರವೇ ಇದೆ, ಜನ ಕಡಿಮೆ, ಒಳಗೆ ತಂಪು. ಹೊರಗೋಡೆಯಲ್ಲಿ ಶಿಲ್ಪವೇ ಇಲ್ಲವೆನ್ನಬಹುದು. ಬೆಳಿಗ್ಗೆಯಿಡೀ ಬೇಲೂರಿನ ಕೆತ್ತನೆ ನೋಡಿ ದಣಿದ ಕಣ್ಣಿಗೆ ಆ ಬೋಳು ಗೋಡೆ ಹಿತ. 1133ರ ಪಾರ್ಶ್ವನಾಥ ಬಸದಿಯೊಳಗೆ ಸುಮಾರು 18 ಅಡಿ ಎತ್ತರದ ಮೂರ್ತಿ, ತಲೆಯ ಮೇಲೆ ಸರ್ಪದ ಹೆಡೆ. ಅದರ ಮುಂದಿನ ಮಂಟಪದ ಕಂಬಗಳನ್ನು ಕನ್ನಡಿಯಂತೆ ನಯಮಾಡಿದ್ದಾರೆ. ಹುಡುಗಿಯನ್ನು ಬಾಗಿಲಿನ ಬೆಳಕಿಗೆ ಬೆನ್ನು ಮಾಡಿ ಒಂದು ಕಂಬದ ಎದುರು ನಿಲ್ಲಿಸಿ, ಕೈ ಎತ್ತಲು ಹೇಳಿ. ಕಪ್ಪು ಕಲ್ಲಿನೊಳಗೆ ಅವಳ ಆಕೃತಿ ಕೈ ಎತ್ತುತ್ತದೆ.